ಅಜ್ಜಿ ಕಟ್ಟಿದ ನಿಂಬೆಹಣ್ಣು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಅಂಗಳದಲ್ಲಿ ಒಂದೇ ಒಂದು ದಿನದ ಮಟ್ಟಿಗೆ ಮಿಲಿಟರಿ ಶಾಲೆ ನಡೆದಿತ್ತು. ಆ ಶಾಲೆಗೆ ವಿದ್ಯಾರ್ಥಿ ಒಬ್ಬನೇ, ನಮ್ಮ ಅಣ್ಣ. ಮೇಷ್ಟ್ರು ಎದುರುಮನೆಯ ಸುಬೇದಾರ್ ಮಾವ. ಸೀಟಿ ಊದುವ ಅಧಿಕಾರ ಮಾತ್ರ ನನ್ನದು. ಸೀಟಿ ನನ್ನ ಬಾಯಲ್ಲಿದ್ದ ಆ ದಿನ ಮನೆಯವರೆಲ್ಲ ನನ್ನ ಮಾತು ಕೇಳಿದರು. ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ, ಆಮೇಲೂ ಅಷ್ಟಕ್ಕಷ್ಟೇ ಅನ್ನಿ.

ಆಗ ನಾವಿದ್ದದ್ದು ರಾಜಾಜಿನಗರದಲ್ಲಿ. ಅಪ್ಪ ದಾವಣಗೆರೆ ಕಡೆಯವರು. ಇಲ್ಲಿಗೆ ಬಂದು ಮಾರೇನಹಳ್ಳಿಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ಅಮ್ಮ, ಹೊಲಿಗೆ ಕಲಿಯುತ್ತಿದ್ದ ಅಕ್ಕ, ಅಣ್ಣ, ನಾನು, ಮತ್ತೆ ಎಲ್ಲರ ಮೇಲೆ ಅಜ್ಜಿ. ಅಜ್ಜಿ ಅಂದರೆ ಅಪ್ಪನ ಅಮ್ಮ. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಅವಳು ಊರಿನ ಮಾತನ್ನು ಬಿಟ್ಟಿರಲಿಲ್ಲ, ಅಪ್ಪನನ್ನು ಗದರಿಸುವುದನ್ನೂ ಬಿಟ್ಟಿರಲಿಲ್ಲ. ಅವಳು ಹೂಂ ಅಂದರೆ ಮಾತ್ರ ನಮ್ಮ ಮನೆಯಲ್ಲಿ ಹಪ್ಪಳ ಸಹ ಬಿಸಿಲಿಗೆ ಬೀಳುತ್ತಿತ್ತು.

ಅಣ್ಣ ಸೇನೆಗೆ ಆಯ್ಕೆಯಾಗಿದ್ದ. ಮೊದಲನೆಯ ಸಲ ಹೋದಾಗ ಎದೆಯ ಅಳತೆ ಸಾಲದು ಎಂದು ವಾಪಸ್ಸು ಕಳಿಸಿದ್ದರು. ಅವತ್ತಿನಿಂದ ಅವನು ಬೆಳಗೂ ಸಂಜೆಯೂ ದಂಡ ಹೊಡೆದು, ನೆನೆಸಿದ ಕಡಲೆಕಾಳು ತಿಂದು, ಬಾವಿಕಟ್ಟೆಯ ಮೇಲೆ ನಿಂತು ಉಸಿರು ಬಿಗಿಹಿಡಿದು ಎದೆ ಉಬ್ಬಿಸುತ್ತಿದ್ದ. ಅಕ್ಕ ತನ್ನ ಹೊಲಿಗೆಯ ಟೇಪು ಹಿಡಿದು ವಾರವಾರವೂ ಅಳೆಯುತ್ತಿದ್ದಳು. ಎರಡನೆಯ ಸಲ ಅವನು ಪಾಸಾಗಿ ಬಂದಾಗ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದ್ದೆವು. ದೂರದ ಊರಿನಲ್ಲಿ ಬೇಸಿಕ್ ಟ್ರೈನಿಂಗು, ಎರಡು ರೈಲು ಬದಲಿಸಿ ಹೋಗಬೇಕು. ನಾನು ಹೇಳುತ್ತಿರುವುದು ಅವನು ಹೊರಟ ದಿನದ ಸಂಗತಿ. ಸಂಜೆಗೆ ರೈಲು, ಬೆಳಗಿನಿಂದಲೇ ನಮ್ಮ ಸಡಗರ. ಕೊನೆಯ ದಿನ ಅಭ್ಯಾಸ ಮಾಡಿಸುತ್ತೇನೆಂದು ಸುಬೇದಾರ್ ಮಾವ ಹೇಳಿದಾಗ ಅಪ್ಪ ನಕ್ಕು, ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದರೆ ಇದೇ ಅಂದಿದ್ದರು. ಆದರೆ ಎಲ್ಲರಿಗಿಂತ ಮೊದಲು ಎದ್ದು ಸೈಕಲ್ಲಿಗೆ ಗಾಳಿ ಹೊಡೆದವರೂ ಅವರೇ.

ಬೇಸಿಗೆ ರಜೆ. ಇನ್ನೂ ಬೆಳಕು ಹರಿಯುವ ಮುಂಚೆ ಅಣ್ಣ ಮಾಗಡಿ ರಸ್ತೆಯಲ್ಲಿ ಓಡತೊಡಗಿದ. ಹಿಂದೆ ಅಪ್ಪನ ಸೈಕಲ್ಲು, ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಸೀಟಿ ಕಚ್ಚಿಕೊಂಡ ನಾನು. ಸುಂಕದಕಟ್ಟೆಯವರೆಗೆ ಹೋಗಿ ಬರಬೇಕೆಂದು ಮಾವನ ಆಜ್ಞೆ. ಬಸವೇಶ್ವರನಗರದ ಕಡೆ ಆಗಿನ್ನೂ ಸೈಟಿನ ಕಲ್ಲುಗಳು, ನಡುನಡುವೆ ರಾಗಿ ಹೊಲದ ಕೂಳೆ. ತಣ್ಣನೆ ಗಾಳಿಗೆ ಸಗಣಿ ಮತ್ತು ಹೊಗೆಯ ವಾಸನೆ ಬೆರೆತು ಬರುತ್ತಿತ್ತು. ಅಣ್ಣ ನಿಧಾನಿಸಿದರೆ ನಾನು ಸೀಟಿ ಊದುತ್ತಿದ್ದೆ. ಅವನು ನಿಧಾನಿಸದಿದ್ದರೂ ಊದುತ್ತಿದ್ದೆ. ಬರುವಾಗ ನನ್ನ ಸೀಟಿಗೆ ಎಚ್ಚರವಾದ ಎರಡು ಬೀದಿನಾಯಿಗಳು ಅಣ್ಣನ ಬೆನ್ನು ಹತ್ತಿದವು. ಆಮೇಲೆ ಅವನು ಓಡಿದ ಓಟ ಇದೆಯಲ್ಲ, ಅಪ್ಪನ ಸೈಕಲ್ಲೇ ಹಿಂದೆ ಬಿತ್ತು.

ಮನೆಗೆ ಬಂದರೆ ಮದುವೆ ಮನೆಯಂತೆ ಆಗಿತ್ತು. ಅಮ್ಮ ಶೇಂಗಾ ಹುರಿದು ಚಟ್ನಿಪುಡಿ ಕುಟ್ಟುತ್ತಿದ್ದಳು. ಖಡಕ್ ಜೋಳದ ರೊಟ್ಟಿಗಳು ಬಿಳಿ ಬಟ್ಟೆಯಲ್ಲಿ ಗಂಟಾಗಿದ್ದವು. ಕಾಂಪೌಂಡಿನ ಮೇಲೆ ಅಣ್ಣನ ಕ್ಯಾನ್‌ವಾಸ್ ಬೂಟುಗಳು ಬಿಳಿ ಬಳಿಸಿಕೊಂಡು ಒಣಗುತ್ತಿದ್ದವು. ಅಪ್ಪ ಹಿಂದಿನ ದಿನ ಹಳೆಯ ಟ್ರಂಕಿಗೆ ಕಪ್ಪು ಬಣ್ಣ ಹೊಡೆದಿದ್ದರು. ಬಣ್ಣಕ್ಕೆ ಎಣ್ಣೆ ಜಾಸ್ತಿಯಾಗಿತ್ತೋ ಏನೋ, ಮುಟ್ಟಿದವರ ಬೆರಳಿಗೆಲ್ಲ ಹತ್ತುತ್ತಿತ್ತು. ಅದರ ಮುಚ್ಚಳದ ಮೇಲೆ ಅಕ್ಕ ಬಿಳಿ ಬಣ್ಣದಲ್ಲಿ ಅಣ್ಣನ ಹೆಸರು ಬರೆದಳು. ಬಣ್ಣದ ವಾಸನೆ, ಹುರಿದ ಶೇಂಗಾದ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಂದರೆ ಇವತ್ತಿಗೂ ನನಗೆ ಎಲ್ಲಿಗೋ ಹೊರಡುವ ಉತ್ಸಾಹ ಬಂದುಬಿಡುತ್ತದೆ.

ತಿಂಡಿ ಕೂಡ ಅಭ್ಯಾಸವೇ. ನಮ್ಮ ಅಣ್ಣ ಒಂದು ತುತ್ತನ್ನು ಅಗಿದು ಅಗಿದು ಯೋಚನೆ ಮಾಡಿ ನುಂಗುವವನು. ಅಲ್ಲಿ ಹಾಗೆ ಕೂತರೆ ತಟ್ಟೆ ಎತ್ತಿಕೊಂಡು ಹೋಗುತ್ತಾರೆ ಎಂದು ಮಾವ ಹೆದರಿಸಿದ್ದರು. ಅಮ್ಮ ಉಪ್ಪಿಟ್ಟು ಬಡಿಸಿದಳು, ನಾನು ಸೀಟಿ ಊದಿದೆ. ಅಣ್ಣ ಗಬಗಬನೆ ತಿಂದು ನೆತ್ತಿಗೆ ಹತ್ತಿಸಿಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡ. ಅವನ ತಲೆ ತಟ್ಟುತ್ತಾ ತಟ್ಟುತ್ತಾ ಅಮ್ಮನ ಕಣ್ಣಲ್ಲೂ ನೀರು ಬಂತು. ಅವಳಿಗೆ ಏನು ನೆತ್ತಿಗೆ ಹತ್ತಿತೋ ನನಗೆ ಆಗ ತಿಳಿಯಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಸುಬೇದಾರ್ ಮಾವ ಬಂದರು. ಅವರು ಹಳೇ ಹೊಸಹಳ್ಳಿಯ ರೈತರ ಮನೆಯವರು, ಸೇನೆಯಲ್ಲಿದ್ದು ನಿವೃತ್ತರಾದವರು. ಮೀಸೆಯನ್ನು ಬೆಳಿಗ್ಗೆ ಒಂದು ಸಲ ತಿರುವಿದರೆ ಸಂಜೆಯವರೆಗೆ ಹಾಗೇ ನಿಲ್ಲುತ್ತಿತ್ತು. ತೆಂಗಿನ ಮರಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನೆಲದಿಂದ ಒಂದು ಗೇಣು ಮೇಲೆ ಹಗ್ಗ ಕಟ್ಟಿ, ಇದು ಮುಳ್ಳುತಂತಿ, ಇದರ ಕೆಳಗೆ ಎದೆ ನೆಲಕ್ಕೆ ಹಚ್ಚಿ ತೆವಳಿಕೊಂಡು ಬಾ ಎಂದರು. ಬೀದಿಯ ಹುಡುಗರು ಕಾಂಪೌಂಡಿನ ಮೇಲೆ ಸಾಲಾಗಿ ಹತ್ತಿ ಕೂತರು. ಅಣ್ಣ ಅಂಗಿ ಬಿಚ್ಚಿಟ್ಟು ಮಲಗಿದ. ನಾನು ಕೆನ್ನೆ ಉಬ್ಬಿಸಿ ಸೀಟಿ ಊದಿದೆ.

ಎರಡು ಮೊಳ ಮುಂದೆ ಹೋಗಿದ್ದನೋ ಇಲ್ಲವೋ, ಅಣ್ಣ ಹಲ್ಲು ಕಚ್ಚಿ ನಿಂತುಬಿಟ್ಟ. ಎದ್ದು ಕೂತಾಗ ನೋಡಿದರೆ ಅವನ ಎದೆಯ ನಡುವೆ ಮೊಟ್ಟೆಯಾಕಾರದ ಕೆಂಪು ಗುರುತು. ಅದು ಕರಡಿಗೆ ಒತ್ತಿದ ಗುರುತು.

ಕರಡಿಗೆ ಅಂದರೇನೆಂದು ನಿಮಗೆ ಹೇಳಬೇಕು. ನಮ್ಮ ಮನೆತನದಲ್ಲಿ ಮಗುವಾಗಿದ್ದಾಗಲೇ ಇಷ್ಟಲಿಂಗ ಕಟ್ಟುತ್ತಾರೆ. ದಿನವೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅದನ್ನು ಎಡ ಅಂಗೈಯಲ್ಲಿ ಇಟ್ಟು ಪೂಜಿಸಬೇಕು. ಉಳಿದ ಹೊತ್ತು ಅದು ಬೆಳ್ಳಿಯ ಕರಡಿಗೆಯೊಳಗೆ, ಶಿವದಾರ ಎಂಬ ದಾರದಲ್ಲಿ ಕೊರಳಿನಿಂದ ಎದೆಯ ಮೇಲೆ ತೂಗುತ್ತಿರುತ್ತದೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮೈಮೇಲಿಂದ ಅದನ್ನು ಅಗಲಿಸುವುದಂತೂ ಇಲ್ಲವೇ ಇಲ್ಲ.

ಮಾವನಿಗೆ ಇದೆಲ್ಲ ಅಷ್ಟಾಗಿ ಗೊತ್ತಿರಲಿಲ್ಲ. "ಅಲ್ಲಿ ಕತ್ತಲ್ಲಿ ದಾರ ಗೀರ ಏನೂ ಇರೋ ಹಾಗಿಲ್ಲ ಕಣಪ್ಪಾ. ತಂತಿಗೆ ಸಿಕ್ಕಾಕೊಂಡ್ರೆ ಉಸಿರು ಕಟ್ಟೋಗುತ್ತೆ. ಬಿಚ್ಚಿ ಮನೇಲಿಟ್ಟು ಹೋಗು," ಎಂದರು.

ಹೊಸ್ತಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. ಅವಳು ಧ್ವನಿಯನ್ನೇನೂ ಏರಿಸಲಿಲ್ಲ.

"ಲಿಂಗ ಬಿಟ್ಟು ಹೋಗಾದಾದ್ರೆ ಹೋಗಾದೇ ಬ್ಯಾಡ."

ಅಷ್ಟು ಹೇಳಿ ಮೊರವನ್ನು ಅಲ್ಲೇ ಬಿಟ್ಟು ಎದ್ದು ದೇವರ ಕೋಣೆಗೆ ಹೋಗಿ ಕೂತಳು. ಮಾವ ಪಾಪ, ನಾನು ಹೇಳಿದ್ದು ಅಲ್ಲಿನ ರೂಲ್ಸು ಎಂದು ಎರಡು ಮೂರು ಸಲ ಅಂದರು. ಅಪ್ಪ ಕೋಣೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಅಣ್ಣ ಒಗೆಯುವ ಕಲ್ಲಿನ ಮೇಲೆ ಕೂತು ಮಣ್ಣಾದ ತನ್ನ ಮೊಣಕೈಗಳನ್ನೇ ನೋಡುತ್ತಿದ್ದ. ಅಜ್ಜಿಯ ಆಶೀರ್ವಾದ ಇಲ್ಲದೆ ಅವನು ರೈಲು ಹತ್ತುವವನಲ್ಲ, ಅದು ನಮಗೆಲ್ಲ ಗೊತ್ತಿತ್ತು. ಎದೆ ಉಬ್ಬಿಸಿ ಉಬ್ಬಿಸಿ ಗಳಿಸಿದ್ದು ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಆಯಿತಲ್ಲ ಎಂದು ನನಗೆ ಅಳು ಬಂತು. ಅಧಿಕಾರಿ ಅಳಬಾರದೆಂದು ಸೀಟಿಯನ್ನು ಗಟ್ಟಿಯಾಗಿ ಕಚ್ಚಿಕೊಂಡೆ.

ಆಗ ನನಗೆ ಒಂದು ನೆನಪಾಯಿತು. ಅಜ್ಜಿ ಒರಳಿನಲ್ಲಿ ರುಬ್ಬುವಾಗ ಬಗ್ಗಿದರೆ ಅವಳ ಕರಡಿಗೆ ತೂಗಾಡಿ ಹಿಟ್ಟಿಗೆ ತಾಗುತ್ತಿತ್ತು. ಅದಕ್ಕೆ ಅವಳು ಅದನ್ನು ಬೆನ್ನಿನ ಕಡೆಗೆ ಹಾಕಿಕೊಂಡು ಸೆರಗು ಸಿಕ್ಕಿಸುತ್ತಿದ್ದಳು. ಅಣ್ಣನೂ ಬೆನ್ನಿಗೆ ಕಟ್ಟಿಕೊಳ್ಳಲಿ ಎಂದು ನಾನು ಕೂಗಿದೆ. ಮಾವ ಮೀಸೆ ಮುಟ್ಟಿಕೊಂಡು, ನೋಡೋಣ, ಕೊರಳಿಗೆ ದಾರ ಇರದಂತೆ ಎಲ್ಲಾದರೂ ಕಟ್ಟಲು ಬರುತ್ತದೋ ಎಂದರು. ಎಲ್ಲರಿಗೂ ಮತ್ತೆ ಜೀವ ಬಂತು.

ಪರೀಕ್ಷೆಗೆಂದು ಲಿಂಗವನ್ನು ಆಟದ ವಸ್ತು ಮಾಡಬೇಡಿ ಎಂದು ಅಮ್ಮ ಒಳಗಿನಿಂದ ಒಂದು ನಿಂಬೆಹಣ್ಣು ತಂದುಕೊಟ್ಟಳು. ಅಣ್ಣ ಕರಡಿಗೆಯನ್ನು ಮೇಲಕ್ಕೆಳೆದು ಶಿವದಾರವನ್ನು ಕೊರಳಿಗೇ ಸುತ್ತಿ ಸದ್ಯಕ್ಕೆ ಬಿಗಿದುಕೊಂಡ. ಅಕ್ಕ ನಿಂಬೆಹಣ್ಣನ್ನು ಬಟ್ಟೆಯಲ್ಲಿ ಸುತ್ತಿ ಅವನ ಬೆನ್ನಿಗೆ ಕಟ್ಟಿದಳು. ಹಗ್ಗದ ಕೆಳಗೆ ಅಣ್ಣ ಹಲ್ಲಿಯ ಹಾಗೆ ಸರಸರನೆ ಹರಿದು ಆಚೆ ಬಂದ. ಕಾಂಪೌಂಡಿನ ಮೇಲಿದ್ದವನೊಬ್ಬ, ಸೂಪರ್ ಗುರು ಎಂದು ಚಪ್ಪಾಳೆ ತಟ್ಟಿದ. ಮಾವ ಮಾತ್ರ ನಗಲಿಲ್ಲ. ಅರ್ಧ ಚೀಲ ಜೋಳವನ್ನು ಹೊರಿಸಿ, ಅಲ್ಲಿ ಬೆನ್ನ ಮೇಲೆ ಇಷ್ಟು ಭಾರ ಇರುತ್ತದೆ, ಈಗ ಓಡು ಎಂದರು. ಅಣ್ಣ ಬಾವಿಯನ್ನು ಸುತ್ತು ಹಾಕಿ ಬರುವಷ್ಟರಲ್ಲಿ ನಿಂಬೆಹಣ್ಣು ಅಪ್ಪಚ್ಚಿಯಾಗಿ ರಸ ಬೆನ್ನಿನ ಮೇಲೆ ಇಳಿಯುತ್ತಿತ್ತು. ಹಗ್ಗ ಗೀರಿದ ಜಾಗಕ್ಕೆ ಹುಳಿ ತಾಗಿ ಅವನು ಕುಣಿದ ಕುಣಿತಕ್ಕೆ ಬೀದಿಯೇ ನಕ್ಕಿತು.

ಸೊಂಟಕ್ಕೆ ಕಟ್ಟಿದರೆ ಹೇಗೆ ಎಂದು ಅಪ್ಪ ಮೆಲ್ಲಗೆ ಕೇಳಿದರು. ದೇವರ ಕೋಣೆಯೊಳಗಿನಿಂದ ಅಜ್ಜಿಯ ಧ್ವನಿ ಬಂತು, ಹೊಕ್ಕಳದ ಕೆಳಗೆ ಲಿಂಗ ಇಳಿಯಬಾರದು ಎಂದು. ಅಕ್ಕ ನನ್ನನ್ನು ಮೊಣಕೈಯಿಂದ ತಿವಿದಳು. ಅಜ್ಜಿ ಒಳಗೆ ಜಪ ಮಾಡುತ್ತಿರಲಿಲ್ಲ, ನಮ್ಮ ಮಾತಿಗೇ ಕಿವಿ ಕೊಟ್ಟಿದ್ದಳು.

ಹಾಗಾದರೆ ತಲೆಯ ಮೇಲೆ ಎಂದಳು ಅಕ್ಕ. ಇನ್ನೊಂದು ನಿಂಬೆಹಣ್ಣನ್ನು ಅಣ್ಣನ ತಲೆಯ ಮೇಲಿಟ್ಟು ಅಪ್ಪನ ಉಣ್ಣೆ ಟೋಪಿ ಹಾಕಿದೆವು. ಕೊಂಬು ಮೊಳೆತ ಕರುವಿನ ಹಾಗೆ ಕಂಡ. ಮಾವ ಸಲ್ಯೂಟ್ ಹೊಡೆಯಲು ಹೇಳಿದರು. ಅವನು ಕಾಲು ಅಪ್ಪಳಿಸಿ ಸಲ್ಯೂಟ್ ಹೊಡೆದದ್ದೇ ತಡ, ಟೋಪಿ ಒಂದು ಕಡೆ, ನಿಂಬೆಹಣ್ಣು ಒಂದು ಕಡೆ. ಅದು ಅಂಗಳದಿಂದ ಜಗಲಿಗೆ ಪುಟಿದು, ಹೊಸ್ತಿಲು ದಾಟಿ ಉರುಳುತ್ತಾ ಒಳಗೆ ಹೋಯಿತು.

ನಗು ನಿಂತ ಮೇಲೆ ಮಾವ ಅಣ್ಣನ ಹತ್ತಿರ ಬಂದರು. ಅವರಿಗೂ ಹೊತ್ತಾಗುತ್ತಿದೆಯೆಂಬ ಚಿಂತೆ. "ಮೈಮೇಲೆ ಯಾಕೆ ಒದ್ದಾಡ್ತೀಯಾ, ಟ್ರಂಕಲ್ಲಿ ಇಟ್ಕೊಂಡು ಹೋಗು. ಇಲ್ಲಿ ನಿಮ್ಮಜ್ಜಿಗೇನು ಗೊತ್ತಾಗುತ್ತೆ?"

ಅಣ್ಣ ಟೋಪಿಯ ಧೂಳು ಕೊಡವಿದ. "ಅಜ್ಜಿಗೆ ಗೊತ್ತಾಗಲ್ಲ ಮಾವ. ನನಗೆ ಗೊತ್ತಾಗುತ್ತಲ್ಲ," ಎಂದ.

ಒಳಗಿನಿಂದ ಹೆಜ್ಜೆಯ ಸದ್ದಾಯಿತು. ಅಜ್ಜಿ ಹೊರಗೆ ಬಂದಳು, ಕೈಯಲ್ಲಿ ಆ ನಿಂಬೆಹಣ್ಣು. ನೇರವಾಗಿ ಅಣ್ಣನ ಮುಂದೆ ನಿಂತು ಎಡಗೈ ಚಾಚು ಎಂದಳು. ತನ್ನ ಹಳೆಯ ಸೀರೆಯಿಂದ ಹರಿದುಕೊಂಡಿದ್ದ ಬಟ್ಟೆಯಲ್ಲಿ ನಿಂಬೆಹಣ್ಣನ್ನು ಸುತ್ತಿ, ಅವನ ತೋಳಿನ ಒಳಭಾಗಕ್ಕೆ, ಕಂಕುಳಿನ ಹತ್ತಿರಕ್ಕೆ ಇಟ್ಟು, ಬಟ್ಟೆಯನ್ನು ಅಡ್ಡ ಒಂದು ಸುತ್ತು, ಓರೆ ಒಂದು ಸುತ್ತು ತಂದು ಗಂಟು ಹಾಕಿದಳು. ಅವಳ ಬೆರಳು ಒಂದು ಸಲವೂ ತಡವರಿಸಲಿಲ್ಲ. ಎಷ್ಟೋ ಸಲ ಕಟ್ಟಿದ ಕೈಗಳೆಂದು ನನಗೂ ಗೊತ್ತಾಯಿತು.

ಅಣ್ಣ ಮಲಗಿ ತೆವಳಿದ. ಜೋಳದ ಚೀಲ ಹೊತ್ತು ಓಡಿದ. ಮಾವ ಹೇಳಿದಂತೆ ತೆಂಗಿನ ಮರಕ್ಕೆ ಕಟ್ಟಿದ್ದ ಇನ್ನೊಂದು ಹಗ್ಗ ಹಿಡಿದು ಮೇಲೆ ಹತ್ತಿ ಜಾರಿ ಇಳಿದ. ನಾನು ಒಂದೊಂದಕ್ಕೂ ಸೀಟಿ ಊದಿ ಊದಿ ಉಸಿರುಗಟ್ಟಿದ್ದೆ. ಕೊನೆಗೆ ಅಜ್ಜಿ ಗಂಟು ಬಿಚ್ಚಿದಳು. ನಿಂಬೆಹಣ್ಣಿಗೆ ಒಂದು ಗೀರೂ ಆಗಿರಲಿಲ್ಲ. ಕಾಂಪೌಂಡಿನ ಮೇಲಿನ ಹುಡುಗರು ಅಂಗಳಕ್ಕೆ ಧುಮುಕಿ ಕುಣಿದರು. ನಾನಂತೂ ಅಣ್ಣನ ಬೆನ್ನೇರಿದ್ದೆ.

ಅಪ್ಪ ಮಾತ್ರ ಅಜ್ಜಿಯನ್ನೇ ನೋಡುತ್ತಿದ್ದರು. ಆಗ ಅಜ್ಜಿಯೇ ಹೇಳಿದಳು, ತೀರಿಹೋಗಿದ್ದ ನಮ್ಮ ಅಜ್ಜ ಯುವಕನಾಗಿದ್ದಾಗ ಗರಡಿಯಲ್ಲಿ ಕುಸ್ತಿ ಆಡುತ್ತಿದ್ದನಂತೆ. ಮದುವೆಯಾಗಿ ಬಂದ ಹೊಸತರಲ್ಲಿ ದಿನವೂ ಬೆಳಿಗ್ಗೆ ಅವನು ಗರಡಿಗೆ ಹೊರಡುವಾಗ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ತೋಳಿಗೆ ಇಟ್ಟುಕೊಂಡರೆ, ಮೇಲಿನ ಗಂಟು ಹಾಕುವುದು ಅಜ್ಜಿಯ ಕೆಲಸವಾಗಿತ್ತಂತೆ. ಇದನ್ನು ಅಪ್ಪ ಸಹ ಅವತ್ತೇ ಮೊದಲ ಸಲ ಕೇಳಿದ್ದು.

ಮತ್ತೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದವಳು ನಾನೇ. ದೊಡ್ಡವರು ಯಾರೂ ಕೇಳುತ್ತಿರಲಿಲ್ಲ ಅನ್ನಿಸುತ್ತದೆ. ಅಜ್ಜಿ ಅಣ್ಣನ ಎದೆಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸುತ್ತಾ, ನನಗಲ್ಲ, ಅವನಿಗೆ ಹೇಳಿದಳು.

"ನನಗೆ ಬೆಳಗ್ಗೆನೇ ಗೊತ್ತಿತ್ತಪ್ಪ. ಹೇಳಿದ್ರೆ ಹೊಂಟುಬಿಡ್ತೀಯಲ್ಲ ಅಂತ ಬಾಯಿ ಮುಚ್ಕಂಡು ಕುಂತಿದ್ದೆ."

ಅಣ್ಣ ಬಗ್ಗಿ ಅವಳ ಕಾಲಿಗೆ ಬಿದ್ದ. ಅಜ್ಜಿ ಅವನ ತಲೆಯ ಮೇಲೆ ಎರಡೂ ಕೈ ಇಟ್ಟಳು. ಹೋಗಿ ಬಾ ಎಂದು ಹೇಳಲಿಲ್ಲ, ಹೊತ್ತಾಯಿತು ಸ್ನಾನ ಮಾಡು ಎಂದಳು. ನಮ್ಮ ಅಜ್ಜಿಯ ಬಾಯಲ್ಲಿ ಅದು ಹೂಂ ಅಂದ ಹಾಗೆಯೇ.

ಆಮೇಲೆ ಮನೆಯಲ್ಲಿ ಗಾಳಿ ಬೀಸಿದಂಥ ಓಡಾಟ. ಅಪ್ಪ ಸೈಕಲ್ ತುಳಿದುಕೊಂಡು ಅಂಗಡಿಗೆ ಹೋಗಿ ಗಟ್ಟಿಯಾದ ಬಿಳಿ ಬಟ್ಟೆ ತಂದರು. ಅಕ್ಕ ಅಣ್ಣನ ತೋಳನ್ನು ಸಡಿಲ ಬಿಟ್ಟು ಒಂದು ಸಲ, ಬಿಗಿಸಿ ಒಂದು ಸಲ ಅಳೆದಳು. ಅವಳ ಮೆಷಿನ್ನು ಕಟಕಟ ಎಂದು ಓಡಿತು. ಒಳಗೆ ಮೆತ್ತನೆ ಚೀಲ, ಎರಡು ಕಡೆ ಪೈಜಾಮದ ಲಾಡಿ. ಒಂದು ಒಗೆದು ಹಾಕಿದಾಗ ಇನ್ನೊಂದು ಇರಲಿ ಎಂದು ಎರಡು ಹೊಲಿದಳು. ಸ್ನಾನ ಮುಗಿಸಿ ಬಂದ ಅಣ್ಣ ಪೂಜೆಗೆ ಕೂತ. ಪೂಜೆಯಾದ ಮೇಲೆ ತಾನೇ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ತೋಳಿನ ಚೀಲದಲ್ಲಿ ಇಟ್ಟುಕೊಂಡ. ಗಂಟು ಮಾತ್ರ ಅಜ್ಜಿ ಹಾಕಿದಳು. ಒಂಟಿ ಕೈಯಲ್ಲಿ ಹಾಕಿಕೊಳ್ಳುವುದು ಹೇಗೆಂದು ಅವನಿಗೆ ಬರುವವರೆಗೂ ಬಿಡದೆ ಕಲಿಸಿದಳು. ಬರಿದಾದ ಬೆಳ್ಳಿ ಕರಡಿಗೆಯನ್ನು ತನ್ನ ಸೊಂಟದ ಚೀಲದಲ್ಲಿ ಇಟ್ಟುಕೊಂಡಳು. ಒಡೆಯದ ನಿಂಬೆಹಣ್ಣನ್ನು ಅವನ ಜೇಬಿಗೆ ಹಾಕಿದಳು.

ಸಂಜೆ ಜಟಕಾ ಗಾಡಿ ಬಂತು. ಟ್ರಂಕಿನ ಬಣ್ಣ ಇನ್ನೂ ಒಣಗಿರಲಿಲ್ಲ. ಅದನ್ನು ಎತ್ತಿ ಇಟ್ಟ ಅಪ್ಪನ ಬಿಳಿ ಅಂಗಿಯ ಮೇಲೆ ದೊಡ್ಡ ಕಪ್ಪು ಪಟ್ಟೆ ಬಿತ್ತು. ಅವರು ಅದೇ ಅಂಗಿಯಲ್ಲಿ ಸ್ಟೇಷನ್ನಿಗೆ ಬಂದರು. ರೈಲು ಅಲುಗಾಡಿದಾಗ ಗಾರ್ಡು ಸೀಟಿ ಊದಿದ. ನಾನೇನು ಕಡಿಮೆ, ನಾನೂ ಊದಿದೆ. ಕಿಟಕಿಯ ಸರಳುಗಳ ಹಿಂದೆ ಅಣ್ಣ ಗಾರ್ಡಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿ ಸಲ್ಯೂಟ್ ಹೊಡೆದ. ಈ ಸಲ ಟೋಪಿ ಬೀಳಲಿಲ್ಲ.

ಟ್ರೈನಿಂಗ್ ಮುಗಿಸಿ ರಜೆಗೆ ಬಂದಾಗ ಅಣ್ಣ ಬಿಸಿಲಿಗೆ ಕರ್ರಗಾಗಿದ್ದ. ತಟ್ಟೆಯ ಮುಂದೆ ಕೂತರೆ ನಾವು ಎರಡು ತುತ್ತು ನುಂಗುವಷ್ಟರಲ್ಲಿ ಎದ್ದುಬಿಡುತ್ತಿದ್ದ. ಅವನು ಬಂದ ದಿನ ಅಜ್ಜಿ ಮೊದಲು ಮಾಡಿದ ಕೆಲಸ ಅವನ ಅಂಗಿಯ ತೋಳು ಮೇಲಕ್ಕೆ ಮಡಿಸಿದ್ದು. ಅಕ್ಕ ಹೊಲಿದ ಬಿಳಿ ಪಟ್ಟಿ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ಬಿಚ್ಚಿದಾಗ ಕರ್ರನೆಯ ತೋಳಿನ ನಡುವೆ ಪಟ್ಟಿಯ ಅಗಲಕ್ಕೆ ಬೆಳ್ಳಗಿನ ಚರ್ಮ, ಮನೆಯಿಂದ ಹೊರಟಾಗ ಹೇಗಿತ್ತೋ ಹಾಗೆ. ಅಜ್ಜಿ ಆ ಬೆಳ್ಳಗಿನ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದಳು. ಆಮೇಲೆ ಸೊಂಟದ ಚೀಲದಿಂದ ಕರಡಿಗೆ ತೆಗೆದು ಅವನ ಮುಂದೆ ಇಟ್ಟಳು. ಅಷ್ಟು ತಿಂಗಳು ಅದು ಅವಳ ಸೊಂಟ ಬಿಟ್ಟಿರಲಿಲ್ಲ.

ಈಗ ನಾವು ಇರುವುದು ಬಸವೇಶ್ವರನಗರದಲ್ಲಿ, ಅವತ್ತು ಅಣ್ಣ ದಾಟಿ ಓಡಿದ ಆ ಸೈಟಿನ ಕಲ್ಲುಗಳ ಮೇಲೆಯೇ. ರಾಗಿ ಹೊಲವೂ ಇಲ್ಲ, ಜಟಕಾವೂ ಇಲ್ಲ. ಮೊಮ್ಮಕ್ಕಳೇ, ನಿಮ್ಮ ಚೀಲಗಳಿಗೆ ಚಕ್ರಗಳಿವೆ, ಬಣ್ಣ ಒಣಗಲು ಕಾಯುವ ಕೆಲಸವಿಲ್ಲ. ದೂರ ಹೋದವರ ಮುಖ ನಿಮಗೆ ಬೇಕೆಂದಾಗ ಪರದೆಯ ಮೇಲೆ ಬರುತ್ತದೆ. ನಮಗೆ ಅಣ್ಣನ ಮುಖ ನೋಡಲು ಅವನೇ ಬರಬೇಕಿತ್ತು. ನಿಮ್ಮ ಕಾಲ ಸಪ್ಪೆ, ನಮ್ಮ ಕಾಲವೇ ಚೆಂದ ಎಂದು ನಾನು ಹೇಳುವುದಿಲ್ಲ. ಬೀದಿನಾಯಿಗಳು ಮಾತ್ರ ಈಗಲೂ ಅವೇ ಇವೆ.

ಇನ್ನೊಂದು ಮಾತು ನನ್ನ ದೊಡ್ಡ ಮೊಮ್ಮಗಳಿಗೆ. ನೀನು ಶಾಲೆಯ ಓಟದ ಪಂದ್ಯಕ್ಕೆಂದು ಪಾರ್ಕಿನಲ್ಲಿ ಓಡುವಾಗ ಎಡತೋಳಿಗೆ ಪಟ್ಟಿ ಕಟ್ಟಿ ಅದರಲ್ಲಿ ಮೊಬೈಲು ಇಟ್ಟುಕೊಳ್ಳುತ್ತೀಯಲ್ಲ, ಮನೆಗೆ ಬಂದು ಅದನ್ನು ಬಿಚ್ಚಿದಾಗ ನಿನ್ನ ತೋಳಿನಲ್ಲೂ ಬೆಳ್ಳಗೆ ಒಂದು ಗುರುತು ಉಳಿದಿರುತ್ತದೆ. ನಾನು ಹತ್ತಿರ ಬಂದು ಅದನ್ನು ಸವರಿದರೆ, ಬೆವರು ಅಜ್ಜಿ, ಮುಟ್ಟಬೇಡ ಎಂದು ನೀನು ತೋಳು ಎಳೆದುಕೊಳ್ಳುತ್ತೀಯ. ಯಾಕೆ ಸವರುತ್ತೇನೆಂದು ಈಗ ಹೇಳಿದ್ದೇನೆ. ನಾಳೆ ಒಂದು ನಿಮಿಷ ಸುಮ್ಮನೆ ನಿಲ್ಲು.